ಹದಿನೈದು ದಿನದ ನೋಟಿಸ್ ಬಂತು ಅಂತ ಗಂಟುಮೂಟೆ ಕಟ್ಟಬೇಡಿ

ಮಂಗಳೂರಿನ ಬಿಜೈಯಲ್ಲಿ ನಮ್ಮ ಕೆಳಗಿನ ಮನೆಯವರಿಗೆ ಮೊನ್ನೆ ಓನರ್ ಕಡೆಯಿಂದ ವಾಟ್ಸಾಪ್ ಬಂತು. "ಹದಿನೈದು ದಿನದಲ್ಲಿ ಖಾಲಿ ಮಾಡಿ, ಕಾನೂನು ಹಾಗೇ ಉಂಟು." ಓನರ್ ಇರುವುದು ಗಲ್ಫಿನಲ್ಲಿ. ಇಲ್ಲಿ ಇವರು ಆಗಲೇ ಗೂಡ್ಸ್ ಆಟೋದವರನ್ನು ವಿಚಾರಿಸುತ್ತಿದ್ದರು. ಜುಲೈ ಮಳೆಗೆ ಹಾಸಿಗೆ, ಅಕ್ಕಿ ಡಬ್ಬ ಎಲ್ಲ ಹೊತ್ತುಕೊಂಡು ಎಲ್ಲಿಗೆ ಹೋಗುವುದು ಮಾರಾಯ್ರೇ?

ಹದಿನೈದು ದಿನ ಎನ್ನುವುದು ಸುಳ್ಳಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್‌ನಲ್ಲಿ ಇದೆ. ಆದರೆ ಅದು ಮನೆ ಖಾಲಿಯಾಗುವ ಗಡುವಲ್ಲ. ನೋಟಿಸ್ ತಲುಪಿ 15 ದಿನ ಕಳೆದರೆ ಬಾಡಿಗೆ ಸಂಬಂಧ ಮುಗಿಯುತ್ತದೆ, ಅಷ್ಟೇ. ಆಮೇಲೂ ನೀವು ಹೊರಡದಿದ್ದರೆ ಓನರ್ ಕೋರ್ಟಿಗೆ ಹೋಗಬೇಕು. ಬೀಗ ಬದಲಿಸುವುದು, ಕರೆಂಟ್ ತೆಗೆಸುವುದು ಇದೆಲ್ಲ ನಡೆಯುವುದಿಲ್ಲ. ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ಕೇಸು ಹಾಕಿ ಮನೆಯನ್ನು ವಾಪಸ್ ಪಡೆಯಲು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ದಾರಿ ಕೊಡುತ್ತದೆ. ನೋಟಿಸ್ ಬರಹದಲ್ಲಿರಬೇಕು, ಸಹಿ ಇರಬೇಕು, ಅಂಚೆಯಲ್ಲೋ ಕೈಯಲ್ಲೋ ತಲುಪಬೇಕು. ಹಾಗಂತ ಪೋಸ್ಟ್‌ಮ್ಯಾನ್ ಬಂದಾಗ "ತೆಗೆದುಕೊಳ್ಳುವುದಿಲ್ಲ" ಅಂದು ಬಾಗಿಲು ಹಾಕಿದರೆ ಏನೂ ಲಾಭವಿಲ್ಲ. ನಿರಾಕರಿಸಿದ ಕವರೂ ನಿಮಗೆ ತಲುಪಿದೆ ಎಂದೇ ಕೋರ್ಟು ಲೆಕ್ಕ ಹಿಡಿಯುತ್ತದೆ.

"ಆದರೆ ನಮಗೆ ಬಾಡಿಗೆ ನಿಯಂತ್ರಣ ಇದೆಯಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಹೆಚ್ಚಿನವರಿಗೆ ಇಲ್ಲ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ 1999ರ ಬಾಡಿಗೆ ಕಾಯ್ದೆ ಬಂದಿದೆ. ಜಾಗ ನೋಡಿಕೊಂಡು ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸುವುದಿಲ್ಲ. 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗೂ ಇಲ್ಲ. ಕದ್ರಿಯಲ್ಲೋ ಮಣಿಪಾಲದಲ್ಲೋ ಈ ಬಾಡಿಗೆಗೆ ಈಗ ಏನು ಸಿಗುತ್ತದೆ, ನೀವೇ ಹೇಳಿ. ಆ ಮಿತಿಯೊಳಗೆ ಉಳಿದಿರುವ ಹಳೇ ಬಾಡಿಗೆದಾರರಿಗೆ ಮಾತ್ರ ಗಟ್ಟಿ ರಕ್ಷಣೆ ಇದೆ. ಅವರನ್ನು ಬಿಡಿಸಲು ಆ ಕಾಯ್ದೆಯ 27ನೇ ಸೆಕ್ಷನ್‌ನ ಕಾರಣಗಳಲ್ಲಿ ಒಂದನ್ನು ಓನರ್ ತೋರಿಸಲೇಬೇಕು. ಬಾಡಿಗೆ ಬಾಕಿ ಇದ್ದರೂ ನೋಟಿಸ್ ತಲುಪಿ ಎರಡು ತಿಂಗಳೊಳಗೆ ಕಟ್ಟಿದರೆ ಆ ಕಾರಣ ಬಿದ್ದುಹೋಗುತ್ತದೆ.

ಉಳಿದ ನಮಗೆಲ್ಲ ಕಾನೂನು ಅಂದರೆ ನಮ್ಮದೇ ಕರಾರು ಪತ್ರ. ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲ ಅಂದರೆ ಮಾತ್ರ 15 ದಿನ. ಬರೆದಿದ್ದರೆ ಅದೇ ನಡೆಯುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಯಾರದ್ದೋ ಹಳೇ ಕರಾರು ಇರುತ್ತದೆ. ಹೆಸರು, ಡೋರ್ ನಂಬರ್, ಅಡ್ವಾನ್ಸ್ ಬದಲಿಸಿ ಪ್ರಿಂಟ್ ತೆಗೆಯುತ್ತಾರೆ. ಕೆಳಗಿನ ಮನೆಯವರ ಪತ್ರ ತೆಗೆದು ನೋಡಿದರೆ ಏಳನೇ ಕಲಮಿನಲ್ಲಿ "ಉಭಯತರು ಒಂದು ತಿಂಗಳ ಮುಂಗಡ ನೋಟಿಸ್ ಕೊಡತಕ್ಕದ್ದು" ಅಂತ ಚೊಕ್ಕವಾಗಿ ಇತ್ತು. ಓನರೂ ಓದಿರಲಿಲ್ಲ, ಇವರೂ ಓದಿರಲಿಲ್ಲ. ಕರಾರಿನ ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸದು ಬರೆಸದೆ ಸುಮ್ನೆ ಬಾಡಿಗೆ ಕಟ್ಟುತ್ತಾ ಹೋಗುವವರೂ ಜಾಸ್ತಿ. ಆಗ ಹಳೇ ಕಲಮು ನಿಲ್ಲುತ್ತದೋ ಇಲ್ಲವೋ ಎಂಬ ಹೊಸ ಜಗಳ. ಇವರದ್ದು ಪುಣ್ಯಕ್ಕೆ ಇನ್ನೂ ಮುಗಿದಿರಲಿಲ್ಲ.

ಓನರುಗಳ ಕಷ್ಟವೂ ಗೊತ್ತು. ಮಗ ಊರಿಗೆ ವಾಪಸ್ ಬರುತ್ತಾನೆ, ಮನೆ ಬೇಕು. ಬಾಡಿಗೆಯವರು ಕೋರ್ಟಲ್ಲಿ ನೋಡೋಣ ಅಂದರೆ ವರ್ಷಗಟ್ಟಲೆ ಎಳೆಯುತ್ತದೆ. ಹಾಗಾಗಿಯೇ ನನ್ನ ಅಭಿಪ್ರಾಯ, ಸಂಸಾರ ಇರುವ ಮನೆಗೆ ಎರಡೂ ಕಡೆಗೆ ಮೂರು ತಿಂಗಳು ಅಂತ ಬರೆಸಿ. ಅಡ್ವಾನ್ಸ್ ಕೀ ಕೊಡುವ ದಿನವೇ ವಾಪಸ್ ಅಂತಲೂ ಸೇರಿಸಿ. ಟೈಪ್ ಮಾಡುವವರು "ಹಾಗೆಲ್ಲ ಯಾರೂ ಹಾಕಿಸುವುದಿಲ್ಲ ಸರ್" ಅನ್ನುತ್ತಾರೆ. ಪರವಾಗಿಲ್ಲ, ಹಾಕಿಸಿ.