ಅಕೌಂಟ್ ತೆಗೀರಿ, ಬಾಯಿ ಮುಚ್ಕೊಳ್ಳಿ

ಮಕ್ಕಳನ್ನ ಎಂಎಸ್‌ಗೆ ಅಂತ ಅಮೆರಿಕಕ್ಕೆ ಕಳಿಸ್ತಿರೋ ಅಪ್ಪ ಅಮ್ಮಂದಿರೇ, ಜಿಆರ್‌ಇ ಆಯ್ತಾ, ಬ್ಯಾಂಕ್ ಲೋನ್ ಆಯ್ತಾ, ಪುಳಿಯೋಗರೆ ಗೊಜ್ಜು ಪ್ಯಾಕ್ ಆಯ್ತಾ? ಹಂಗಾದ್ರೆ ಅಸಲಿ ಪರೀಕ್ಷೆಗೆ ಬನ್ನಿ, ನಿಮ್ಮ ಸುಪುತ್ರ ಪಿಯುಸಿಲಿ ಇದ್ದಾಗ ಯಾವ ಮೀಮ್ ಶೇರ್ ಮಾಡಿದ್ದ?

2025ರ ಮೇ ಕೊನೇಲಿ ಸ್ಟೂಡೆಂಟ್ ವೀಸಾಗೆ ಹೊಸ ಇಂಟರ್‌ವ್ಯೂ ಸ್ಲಾಟ್ ಕೊಡೋದನ್ನೇ ನಿಲ್ಸಿದ್ರು, ಜೂನ್‌ನಲ್ಲಿ ಮತ್ತೆ ಶುರು ಮಾಡುವಾಗ ಒಂದು ಕಂಡೀಷನ್ ಹಾಕಿದ್ರು, ಓದೋಕೆ, ಎಕ್ಸ್‌ಚೇಂಜ್ ಪ್ರೋಗ್ರಾಂಗೆ ಅಂತ ಕೊಡೋ ಎಫ್, ಎಂ, ಜೆ ವೀಸಾ ಕೇಳೋರೆಲ್ಲ ಸೋಷಿಯಲ್ ಮೀಡಿಯಾ ಅಕೌಂಟನ್ನ ಪಬ್ಲಿಕ್ ಮಾಡ್ಬೇಕು ಅಂತ. ಐದು ವರ್ಷದಲ್ಲಿ ಬಳಸಿದ ಹ್ಯಾಂಡಲ್‌ಗಳನ್ನ ಡಿಎಸ್-160 ಅನ್ನೋ ವೀಸಾ ಅರ್ಜಿ ಫಾರ್ಮಲ್ಲಿ ಬರೆಯೋದು 2019ರಿಂದಾನೇ ಇತ್ತು, ಈಗ ಬೀಗಾನೂ ನೀವೇ ತೆಗೀಬೇಕು. ಒಳಗೆ ಏನ್ ಹುಡುಕ್ತಾರಂತೆ ಅಂದ್ರೆ ಅಮೆರಿಕದ ಪ್ರಜೆಗಳು, ಸಂಸ್ಕೃತಿ, ಸರ್ಕಾರ, ಸಂಸ್ಥೆಗಳು, ಆಮೇಲೆ ದೇಶ ಕಟ್ಟಿದ ಮೂಲ ತತ್ವಗಳು, ಇವುಗಳ ಮೇಲೆ ದ್ವೇಷ ಇದ್ಯಾ ಅಂತ. ಆ ತತ್ವಗಳಲ್ಲಿ ವಾಕ್ ಸ್ವಾತಂತ್ರ್ಯಾನೂ ಬರುತ್ತಲ್ವಾ ಸಾರ್ ಅಂತ ಕೌಂಟರ್ ಹತ್ರ ನಿಂತು ಕೇಳೋಕೆ ಹೋಗ್ಬೇಡಿ, ಅದೂ ದ್ವೇಷದ ಲೆಕ್ಕಕ್ಕೇ ಹೋದೀತು.

ಈಗ ಬಸವನಗುಡಿಯ ಯಾವ್ದಾದ್ರೂ ಮನೆ ಹಾಲ್ ಊಹಿಸ್ಕೊಳ್ಳಿ, ಸೋಫಾ ಮೇಲೆ ಮಗ, ಪಕ್ಕದಲ್ಲಿ ಕನ್ನಡಕ ಹಾಕ್ಕೊಂಡು ಅಮ್ಮ, ಇಬ್ರೂ ಇನ್‌ಸ್ಟಾಗ್ರಾಂ ತಡಕಾಡ್ತಿದಾರೆ.

"ಇದ್ಯಾರೋ ಕೆಂಪು ಟೋಪಿ?"

"ಟ್ರಂಪಮ್ಮ. ಮೀಮು."

"ಅಯ್ಯೋ ತೆಗ್ದಾಕೋ!"

"ತೆಗೆದ್ರೆ ಏನೋ ಮುಚ್ಚಿಡ್ತಿದಾನೆ ಅಂದ್ಕೋತಾರಂತೆ."

"ಹಂಗಿದ್ರೆ ಕೆಳಗೆ ಒಂದು ಕೈ ಮುಗಿಯೋ ಇಮೋಜಿ ಹಾಕು."

ಅಮ್ಮನ ಐಡಿಯಾನೇ ವಾಸಿ ಅನ್ಸುತ್ತೆ, ಯಾಕಂದ್ರೆ ಆನ್‌ಲೈನ್‌ನಲ್ಲಿ ಏನೂ ಕಾಣಿಸ್ದಿದ್ರೆ ಅದನ್ನೂ ಬಚ್ಚಿಡೋ ಪ್ರಯತ್ನ ಅಂತ ತಗೋಬಹುದು ಅಂತ ಆಫೀಸರ್‌ಗಳಿಗೆ ಸೂಚನೆ ಹೋಗಿತ್ತು. ಬರೆದ್ರೂ ಕಷ್ಟ, ಬರೀದಿದ್ರೂ ಕಷ್ಟ. ಅಂದಹಾಗೆ 2025ರ ಜನವರಿಯಲ್ಲಿ ಬೆಂಗಳೂರಲ್ಲೇ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆ ಆಯ್ತು, ಚಪ್ಪಾಳೆ ಮುಗಿದ ಮೇಲೆ ಗೊತ್ತಾಗಿದ್ದು ಅಲ್ಲಿ ಸದ್ಯಕ್ಕೆ ವೀಸಾ ಕೊಡಲ್ಲ ಅಂತ. ಸೋ ಮತ್ತೆ ಚೆನ್ನೈ, ಇಲ್ಲಾ ಹೈದರಾಬಾದ್. ಹೈದರಾಬಾದ್‌ನಲ್ಲಾದ್ರೆ ಚಿಲ್ಕೂರು ವೀಸಾ ಬಾಲಾಜಿ ಇದಾನೆ, 11 ಪ್ರದಕ್ಷಿಣೆ ಹಾಕಿ ಕೇಳ್ಕೊಳ್ಳೋದು, ಕೆಲಸ ಆದ್ಮೇಲೆ ಬಂದು 108 ಹಾಕೋದು. ಅವನು ಯಾರ ಪ್ರೊಫೈಲನ್ನೂ ನೋಡಲ್ಲ.

ಒಳಗೆ ಹೋದ್ಮೇಲಾದ್ರೂ ಆರಾಮಾ? 2025ರ ಮಾರ್ಚ್-ಏಪ್ರಿಲ್‌ನಲ್ಲಿ ವಿದೇಶಿ ಸ್ಟೂಡೆಂಟ್‌ಗಳ ಹೆಸರುಗಳನ್ನ ಕ್ರೈಂ ಡೇಟಾಬೇಸ್‌ಗೆ ತುಂಬಿ, ಎಲ್ಲೆಲ್ಲಿ ಮ್ಯಾಚ್ ಆಯ್ತೋ ಅಂಥವರ ಸೆವಿಸ್ (ವಿದೇಶಿ ಸ್ಟೂಡೆಂಟ್‌ಗಳ ಲೆಕ್ಕ ಇಡೋ ಸರ್ಕಾರಿ ಡೇಟಾಬೇಸ್) ರೆಕಾರ್ಡ್‌ಗಳನ್ನ ಸಾವಿರಗಟ್ಲೆ ತೆಗೆದುಹಾಕಿದ್ರು, ಅದರಲ್ಲಿ ಟ್ರಾಫಿಕ್ ಟಿಕೆಟ್‌ನೋರೂ ಇದ್ರು, ಕೇಸೇ ವಜಾ ಆಗಿದ್ದೋರೂ ಇದ್ರು. ಸಿಲ್ಕ್ ಬೋರ್ಡ್‌ನಲ್ಲಿ ಗಾಡಿ ಓಡ್ಸೋದು ಕಲಿತ ಹುಡುಗರ ಗತಿ ಏನು ಹೇಳಿ! ಎಸಿಎಲ್‌ಯು ಥರದ ನಾಗರಿಕ ಹಕ್ಕುಗಳ ಸಂಘಟನೆಗಳೂ ಸ್ಟೂಡೆಂಟ್‌ಗಳೂ ಊರೂರಲ್ಲಿ ಕೇಸ್ ಹಾಕಿದ್ರು, ಜಡ್ಜ್‌ಗಳು ಒಬ್ಬರಾದ ಮೇಲೊಬ್ಬರು ತಡೆ ಕೊಟ್ರು, ಏಪ್ರಿಲ್ ಕೊನೇಲಿ ಸರ್ಕಾರ ರೆಕಾರ್ಡ್ ವಾಪಸ್ ಹಾಕ್ತೀವಿ ಅಂತು. ಟಫ್ಟ್ಸ್ ಯೂನಿವರ್ಸಿಟಿಯ ಪಿಎಚ್‌ಡಿ ಹುಡುಗಿಯೊಬ್ಬಳು ಗಾಜಾ ವಿಷಯದಲ್ಲಿ ಕ್ಯಾಂಪಸ್ ಪೇಪರ್‌ಗೆ ಫ್ರೆಂಡ್ಸ್ ಜೊತೆ ಸೇರಿ ಒಂದು ಲೇಖನ ಬರೆದಿದ್ಲು, ಅವಳನ್ನ ಮುಖ ಮುಚ್ಕೊಂಡ ಏಜೆಂಟ್‌ಗಳು ಬೀದೀಲೇ ಹಿಡಿದು ಲೂಸಿಯಾನಾವರೆಗೂ ಸಾಗಿಸಿದ್ರು, ಆರು ವಾರ ಒಳಗಿದ್ಲು, ಜಡ್ಜ್ ಹೇಳಿದ್ಮೇಲೆ ಬಿಟ್ರು. ನಮ್ ಕಡೆ ಕಾಲೇಜ್ ಮ್ಯಾಗಜಿನ್ ಲೇಖನ ಬರೆದೋನೂ ಓದಲ್ಲ, ಅಲ್ಲಿ ನೋಡಿ, ಎಂಥಾ ಸೀರಿಯಸ್ ಓದುಗರು!

ಇದನ್ನೆಲ್ಲ ಫ್ಯಾಮಿಲಿ ಗ್ರೂಪ್‌ಗೆ ಹಾಕಿದ್ರೆ ನ್ಯೂಜೆರ್ಸಿ ಭಾವನೋರು ತಕ್ಷಣ ಟೈಪಿಂಗು. "ಏನೂ ತಪ್ಪು ಮಾಡ್ದಿದ್ರೆ ಭಯ ಯಾಕೆ? ಇನ್ನೊಬ್ಬರ ಮನೆಗೆ ಹೋದ್ಮೇಲೆ ಅತಿಥಿ ಥರ ಇರ್ಬೇಕು." ಸೆಮಿಸ್ಟರ್‌ಗೆ ಲಕ್ಷಗಟ್ಲೆ ಫೀಸ್ ಕಟ್ಟೋ ಅತಿಥೀನ ಯಾವ ಮನೇಲಿ ನೋಡಿದೀರಿ ಭಾವ? ಇವರದೇ ಜೆಪಿ ನಗರದ ಫ್ಲಾಟ್‌ಗೆ ಬಾಡಿಗೆಗೆ ಬಂದೋರನ್ನ ಮೊದಲು ಕೇಳೋದು "ನೀವು ಯಾವ ಜನ?" ಅಂತ, ಬಹುಶಃ ಅದಕ್ಕೇ ಈ ಪದ್ಧತಿ ಅವರಿಗೆ ಅಷ್ಟು ಹಿಡ್ಸಿರೋದು.

2025ರ ಸೆಪ್ಟೆಂಬರ್ 30ಕ್ಕೆ, ಇಂಥ ಬಂಧನಗಳ ವಿರುದ್ಧ ಹಾಕಿದ್ದ ಕೇಸಲ್ಲಿ ಬೋಸ್ಟನ್‌ನಲ್ಲಿ ಜಡ್ಜ್ ವಿಲಿಯಂ ಯಂಗ್, ರೇಗನ್ ಕಾಲದಲ್ಲಿ ನೇಮಕ ಆದ ಯಜಮಾನ್ರು, 161 ಪುಟ ಬರೆದು ಒಂದು ಮಾತು ಹೇಳಿದ್ರು, ಕಾನೂನುಬದ್ಧವಾಗಿ ಬಂದಿರೋ ವಿದೇಶಿಯರಿಗೂ ಪ್ರಜೆಗಳಿಗಿರೋ ಅಷ್ಟೇ ವಾಕ್ ಸ್ವಾತಂತ್ರ್ಯ ಇದೆ ಅಂತ. ಯಾರೋ ಹೆಸರು ಹಾಕ್ದೆ ಅವರಿಗೊಂದು ಪೋಸ್ಟ್‌ಕಾರ್ಡ್ ಕಳಿಸಿದ್ರಂತೆ, ಟ್ರಂಪ್ ಹತ್ರ ಕ್ಷಮಾದಾನ ಇದೆ, ಟ್ಯಾಂಕ್ ಇದೆ, ನಿನ್ ಹತ್ರ ಏನಿದೆ ಅಂತ. ಅದನ್ನ ತೀರ್ಪಿನ ತಲೆಮೇಲೇ ಹಾಕ್ಕೊಂಡು, ನಮ್ ಹತ್ರ ಸಂವಿಧಾನ ಇದೆ ಅಂತ ಉತ್ತರಾನೂ ಬರೆದ್ರು. ಪುಣ್ಯಾತ್ಮ ಜಡ್ಜ್ ಆಗಿರೋದು ಒಳ್ಳೇದಾಯ್ತು, ವೀಸಾ ಲೈನ್‌ನಲ್ಲಿ ನಿಂತಿದ್ರೆ ಆ ಉತ್ತರಕ್ಕೇ ರಿಜೆಕ್ಟ್ ಆಗ್ತಿದ್ರೇನೋ.

ಆದ್ರೆ ಅಕೌಂಟ್ ನೋಡೋ ಕೆಲಸ ನಿಲ್ಲಲಿಲ್ಲ, ಡಿಸೆಂಬರ್ 15ರಿಂದ ಕೆಲಸದ ವೀಸಾ ಎಚ್-1ಬಿ, ಅವರ ಹೆಂಡ್ತಿ-ಗಂಡ-ಮಕ್ಕಳ ವೀಸಾ ಎಚ್-4 ಕೇಳೋರಿಗೂ ಅದೇ ರೂಲ್ ಬಂತು, ಇಂಡಿಯಾದಲ್ಲಿದ್ದ ಎಷ್ಟೋ ಅಪಾಯಿಂಟ್‌ಮೆಂಟ್‌ಗಳು ಮಾರ್ಚ್‌ಗೂ ಅದರಾಚೆಗೂ ಜಾರಿದ್ವು. ನಾದಿನಿ ಮದುವೆಗೆ ಅಂತ ಎರಡು ವಾರ ರಜಾ ಹಾಕಿ ಬಂದಿದ್ದ ನ್ಯೂಜೆರ್ಸಿ ಭಾವನೋರೂ ಇಲ್ಲೇ ಲಾಕು. ಮೊನ್ನೆ ಗ್ರೂಪಲ್ಲಿ ಕೇಳಿದಾರೆ, 2021ರಲ್ಲಿ ಪಿಜ್ಜಾ ಮೇಲೆ ಪೈನಾಪಲ್ ಹಾಕೋ ಜನಾನೂ ಜನಾನಾ ಅಂತ ಬರೆದಿದ್ನಲ್ಲ, ಅದು ಸಂಸ್ಕೃತಿ ದ್ವೇಷ ಆಗುತ್ತೇನ್ರೋ?