ನಾಲ್ಕನೇ ಸೀಟಿನ ಬೆನ್ನು

"ನೆಟ್ಟಗೆ ಕೂತ್ಕೊಳ್ಳಿ" ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಚಿಕ್ಕಂದಿನಲ್ಲಿ ಮೇಷ್ಟ್ರು ಅಂದರು, ಸಹಿಸಿಕೊಂಡೆ. ಮದುವೆಯಾದ ಮೇಲೆ ಮನೆಯವಳು ಅಂದಳು, ಕೇಳಿಸದವನ ಹಾಗಿದ್ದೆ. ಮೊನ್ನೆ ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನ್ನ ಮಗಳಿಗಿಂತ ಚಿಕ್ಕ ಹುಡುಗಿಯೊಬ್ಬಳು "ಅಂಕಲ್, ಸೀಧಾ ಬೈಠೋ ನಾ" ಅಂದಾಗ ಮಾತ್ರ ತಡೆಯಲಾಗಲಿಲ್ಲ. ಅವಳ ಪಕ್ಕದಲ್ಲೇ ಮೊಳೆಗೆ ನೇತುಹಾಕಿದ್ದ ಪ್ಲಾಸ್ಟಿಕ್ ಬೆನ್ನುಮೂಳೆ ಫ್ಯಾನಿನ ಗಾಳಿಗೆ ತಿರುಗುತ್ತಿತ್ತು. ಎದುರಿನಿಂದ ಕಂಡಾಗ ನೆಟ್ಟಗೆ, ಪಕ್ಕಕ್ಕೆ ತಿರುಗಿದಾಗ ಪೂರಾ ಡೊಂಕು. ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಅದು ಇರಬೇಕಾದದ್ದೇ ಹಾಗೆ. ಕುತ್ತಿಗೆಯಲ್ಲಿ ಒಳಕ್ಕೆ, ಎದೆಯ ಹಿಂದೆ ಹೊರಕ್ಕೆ, ಸೊಂಟದಲ್ಲಿ ಮತ್ತೆ ಒಳಕ್ಕೆ. ಹುಟ್ಟಿದಾಗ ಇಡೀ ಬೆನ್ನು ಹೆಚ್ಚುಕಮ್ಮಿ ಒಂದೇ ಬಾಗು. ಕೂಸು ತಲೆ ಎತ್ತತೊಡಗಿದ ಮೇಲೆ ಕುತ್ತಿಗೆಯ ತಿರುವು, ಎದ್ದು ನಿಂತು ಹೆಜ್ಜೆ ಹಾಕಿದ ಮೇಲೆ ಸೊಂಟದ ತಿರುವು ಗಟ್ಟಿಯಾಗುತ್ತದೆ. ಬಿದ್ದು ಎದ್ದು ಸಂಪಾದಿಸಿದ ಡೊಂಕು ಇದು. ಇದನ್ನು ನೆಟ್ಟಗೆ ಮಾಡು ಅಂದರೆ ಹೇಗೆ? ಕೇಳೋಣವೆಂದರೆ ನನ್ನ ಹಿಂದಿ ತರಕಾರಿ ಚೌಕಾಸಿಯಿಂದಾಚೆ ಹೋಗುವುದಿಲ್ಲ.

"ಎಲ್ ಫೋರ್, ಎಲ್ ಫೈವ್" ಅಂದಳು, ಅಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆ. ನಮ್ಮ ಸೊಸೈಟಿಯಲ್ಲಿ ಐವತ್ತು ದಾಟಿದವರಿಗೆಲ್ಲ ಈ ವಿಳಾಸ ಗೊತ್ತು. ಕುತ್ತಿಗೆಯ 7, ಎದೆಯ 12, ಸೊಂಟದ ಮೇಲಿನ 3 ಮೂಳೆಗಳ ಭಾರವನ್ನೆಲ್ಲ ಹೊತ್ತುಕೊಂಡ ತಳಮಹಡಿಯ ಬಾಡಿಗೆದಾರರು ಇವರಿಬ್ಬರು. ಮೇಲೆ ಯಾರು ಕುಣಿದರೂ ದೂರು ಬರುವುದು ಇಲ್ಲಿಂದಲೇ. "ದಿನಾ ಹೇಗೆ ಕೂತ್ಕೊಳ್ತೀರಿ?" ಎಂದು ಕೇಳಿದಳು. "ಫೋರ್ಥ್ ಸೀಟ್" ಅಂದೆ. ಹುಡುಗಿ ಕಲ್ಯಾಣದವಳು. ಬೇರೇನೂ ಕೇಳದೆ ಬರೆದುಕೊಂಡಳು.

ಮುಂಬಯಿಯಲ್ಲಿ ಇರದವರಿಗೆ ಒಂದು ಮಾತು. ಲೋಕಲ್ ಟ್ರೈನಿನ ಸೆಕೆಂಡ್ ಕ್ಲಾಸಿನಲ್ಲಿ ಮೂವರಿಗೆಂದು ಮಾಡಿದ ಬೆಂಚಿನ ಮೇಲೆ ನಾಲ್ವರು ಕೂರುತ್ತಾರೆ. ಇದು ಯಾವ ಬೋರ್ಡಿನಲ್ಲೂ ಬರೆದಿಲ್ಲ, ಆದರೆ ಇಲ್ಲ ಅನ್ನುವ ಧೈರ್ಯ ಯಾರಿಗೂ ಇಲ್ಲ. ನಾಲ್ಕನೆಯವನು ಬಂದು ಮೂರನೆಯವನ ತೊಡೆಯ ಹತ್ತಿರ ಅಂಗೈ ಆಡಿಸಿ "ಸರ್ಕೋ" ಅನ್ನಬೇಕು. ಮೂವರೂ ಮೊಬೈಲಿನಿಂದ ಕಣ್ಣೆತ್ತದೆ ಒಂದೊಂದು ಇಂಚು ಜರುಗುತ್ತಾರೆ, ಅಥವಾ ಜರುಗಿದ ಹಾಗೆ ಮಾಡುತ್ತಾರೆ. ಸಿಕ್ಕ ಜಾಗದಲ್ಲಿ ಅರ್ಧ ಅಂಡು ಊರಿ, ಇನ್ನರ್ಧ ದಾರಿಗೆ ಬಿಟ್ಟು, ಒಂದು ಕಾಲನ್ನು ಗೂಟದಂತೆ ನೆಲಕ್ಕೊತ್ತಿ, ಕುರ್ಲಾದಲ್ಲಿ ಹತ್ತುವವರ ಬ್ಯಾಗುಗಳಿಂದ ಕಿವಿ ಉಳಿಸಿಕೊಳ್ಳಬೇಕು. ಒಳಗಿನವನೊಬ್ಬ ಘಾಟ್ಕೋಪರಿನಲ್ಲಿ ಇಳಿದರೆ ಮೂರನೆಯದಕ್ಕೆ ಬಡ್ತಿ. ಠಾಣೆಯಲ್ಲಿ ಕಿಟಕಿ ಸಿಕ್ಕಿದರೆ ಪುಣ್ಯ, ಆದರೆ ಅಷ್ಟು ಹೊತ್ತಿಗೆ ಇಳಿಯುವವರು ಬಾಗಿಲಿನತ್ತ ಹೊರಡುವ ಸಮಯವಾಗಿರುತ್ತದೆ.

ನಮ್ಮ ಬಿಲ್ಡಿಂಗಿನ ಶೆಟ್ರು ಇದರಲ್ಲಿ ನಿಷ್ಣಾತರು. ದಾದರಿನಲ್ಲಿ ಕ್ಯಾಂಟೀನು, ಅದಕ್ಕೆ ತಕ್ಕ ಮೈ. ಒಮ್ಮೆ ನಾನು ಎದುರು ಬೆಂಚಿನ ಮೂರನೆಯವನಾಗಿ ಕೂತಿದ್ದೆ. ಅವರು ಅಪರಿಚಿತನೊಬ್ಬನ ಭುಜ ತಟ್ಟಿ, ಹಿಂದಿಯೂ ಇಲ್ಲ ಮರಾಠಿಯೂ ಇಲ್ಲ, ನೇರ ತುಳುವಿನಲ್ಲೇ "ಒಂತೆ ಅಂಚಿ ಪೋಲೆ" ಅಂದರು. ಸುಮ್ಮನೆ ಒಂದು ಕಲ್ಲು ಹೊಡೆದು ನೋಡಿದ್ದು. ಆ ಮನುಷ್ಯ ತಲೆ ಎತ್ತಿ "ಊರು ಓಲು?" ಅಂದುಬಿಟ್ಟ! ಕಾರ್ಕಳದ ಆಚೆಯ ಊರು, ದೈವಸ್ಥಾನ, ಯಾರ ತಂಗಿಯನ್ನು ಯಾರ ಮನೆಗೆ ಕೊಟ್ಟದ್ದು, ಎಲ್ಲ ಹೊರಬಂತು. ವಿಕ್ರೋಲಿ ದಾಟುವಷ್ಟರಲ್ಲಿ ಇಬ್ಬರೂ ನೆಂಟರಾದರು. ಪ್ರೀತಿ ಹೆಚ್ಚಿದ ಹಾಗೆ ಶೆಟ್ರಿಗೆ ಸಿಗುವ ಜಾಗವೂ ಹೆಚ್ಚಿತು, ಆ ಜಾಗವೆಲ್ಲ ಬಂದದ್ದು ಕಿಟಕಿಯ ಪಕ್ಕದ ಮರಾಠಿ ಗುಮಾಸ್ತನಿಂದ. ಪಾಪ, ಕಂಬಿಗೆ ಕೆನ್ನೆ ಒತ್ತಿಕೊಂಡು, ಕಾರ್ಕಳವೆಂಬ ಊರು ಭೂಮಿಯ ಮೇಲೆ ಯಾಕಿದೆ ಅಂತ ಯೋಚಿಸುತ್ತಿದ್ದ ಅಂತ ಕಾಣುತ್ತದೆ. ಆಮೇಲೆ ಗೊತ್ತಾದದ್ದು, ನೆಂಟಸ್ತಿಕೆಯ ಲೆಕ್ಕದಲ್ಲಿ ಒಂದು ತಲೆಮಾರು ತಪ್ಪಿತ್ತಂತೆ. ಜಾಗವನ್ನು ಮಾತ್ರ ಶೆಟ್ರು ಹಿಂದಿರುಗಿಸಲಿಲ್ಲ.

ಎಲ್ಲಿದ್ದೆ? ಬೆನ್ನು. ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್‌ಸನ್ 1960ರ ದಶಕದಲ್ಲಿ ಬದುಕಿರುವ ಮನುಷ್ಯರ ಡಿಸ್ಕಿನೊಳಗೇ, ಅಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆಯೊಳಗೇ, ಸೂಜಿ ಇಳಿಸಿ ಒತ್ತಡ ಅಳೆದ. ಮಲಗಿದಾಗ ಎಲ್ಲಕ್ಕಿಂತ ಕಮ್ಮಿ, ನಿಂತಾಗ ಜಾಸ್ತಿ, ಆನಿಕೆಯಿಲ್ಲದೆ ಕೂತಾಗ ಅದಕ್ಕೂ ಜಾಸ್ತಿ. ಸ್ವೀಡನ್ನಿನ ಸೂಜಿ ಹೇಳುವುದನ್ನು ಕೇಳಿದರೆ, ದಾದರಿನಿಂದ ಠಾಣೆವರೆಗೆ ಅರ್ಧ ಅಂಡಿಗಾಗಿ ಜಗಳವಾಡುವ ಬದಲು ಕಂಬಿ ಹಿಡಿದು ನಿಂತವನೇ ಬುದ್ಧಿವಂತ. ಇದನ್ನು ಯಾರಿಗಾದರೂ ಹೇಳಿನೋಡಿ. ಸಂತೋಷದಿಂದ ನಿಮ್ಮ ಸೀಟು ತೆಗೆದುಕೊಳ್ಳುತ್ತಾರೆ.

ಇನ್ನೊಂದು ಅನ್ಯಾಯವಿದೆ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುವುದರಿಂದ ಬೆಳಿಗ್ಗೆ ನಾವು ಸಂಜೆಗಿಂತ ಸುಮಾರು 1 ಸೆಂಟಿಮೀಟರ್ ಎತ್ತರವಿರುತ್ತೇವೆ. ಆ ಸೆಂಟಿಮೀಟರು ದಿನವಿಡೀ ಎಲ್ಲಿ ಕರಗುತ್ತದೋ, ನನ್ನ ಲೆಕ್ಕದಲ್ಲಂತೂ ರೈಲ್ವೆಗೇ ಜಮಾ. ಮಾಸಿಕ ಪಾಸಿನ ದುಡ್ಡು ಬೇರೆ. ಇಷ್ಟರ ಮೇಲೆ ಆಫೀಸಿನಲ್ಲಿ ಹೊಸದಾಗಿ ಬಂದ ಹುಡುಗ, ಮೋಟರ್‌ಸೈಕಲಿನಲ್ಲಿ ಹತ್ತು ನಿಮಿಷದಲ್ಲಿ ಬರುವವನು, ನನಗೆ ಭುಜಂಗಾಸನದ ವಿಡಿಯೋ ಕಳಿಸುತ್ತಾನೆ! ಜಿರಾಫೆಗೂ ನಮ್ಮ ಹಾಗೆ ಕುತ್ತಿಗೆಯಲ್ಲಿ 7 ಮೂಳೆಯೇ, ಅದಕ್ಕೆ ಯಾರಾದರೂ ವಿಡಿಯೋ ಕಳಿಸುತ್ತಾರೆಯೇ?

ಎಲ್ಲದರ ತಳದಲ್ಲಿ ಬಾಲದ ಪಳೆಯುಳಿಕೆ, ಸಾಮಾನ್ಯವಾಗಿ ನಾಲ್ಕು ಪುಟ್ಟ ಮೂಳೆಗಳು ಅಂಟಿಕೊಂಡು ಕೂತಿವೆ. ಬಾಲ ಪೂರ್ತಿ ಉಳಿದಿದ್ದರೆ ಮೇಲಿನ ಕಂಬಿಗೆ ಸುತ್ತಿಕೊಂಡು ಆರಾಮಾಗಿ ಪ್ರಯಾಣ ಮಾಡಬಹುದಿತ್ತು ಎಂದು ಶೆಟ್ರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಕುರ್ಲಾದಲ್ಲಿ ಹತ್ತುವವರು ಮೆಟ್ಟದೆ ಬಿಡ್ತಾರಾ ಮಾರಾಯ್ರೆ?" ಅಂದರು.