ಸತ್ಯಾಂಶ: ಅಲೆ ಒಯ್ದಷ್ಟೇ ಮರಳನ್ನು ವಾಪಸ್ ತರುತ್ತದೆಯೇ?

"ಅಲೆ ಹಿಂದೆ ಮುಂದೆ ಹೋಗುತ್ತದೆ. ಒಯ್ದ ಮರಳನ್ನು ಅದೇ ತಂದು ಹಾಕುತ್ತದೆ. ಕಡಲ್ಕೊರೆತಕ್ಕೆ ಹೆದರಬೇಡಿ." ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ಅರ್ಧ ಮಾತ್ರ ನಿಜ.

ದಡದ ಹತ್ತಿರ ನೀರು ಕಡಿಮೆ. ಅಲ್ಲಿ ಅಲೆ ಮುಂದೆ ಬರುವುದು ಜೋರಾಗಿ, ಸ್ವಲ್ಪ ಹೊತ್ತು. ಹಿಂದೆ ಸರಿಯುವುದು ನಿಧಾನವಾಗಿ, ಜಾಸ್ತಿ ಹೊತ್ತು. ಉದಾಹರಣೆಗೆ, ತಳದ ನೀರು ಸೆಕೆಂಡಿಗೆ 1 ಮೀಟರ್‌ನಂತೆ 4 ಸೆಕೆಂಡ್ ಮುಂದೆ, ಅರ್ಧ ಮೀಟರ್‌ನಂತೆ 8 ಸೆಕೆಂಡ್ ಹಿಂದೆ ಹೋಯಿತು ಎನ್ನೋಣ. ನೀರಿನ ಲೆಕ್ಕ ಸರಿಹೋಯಿತು, ಅಲ್ವಾ? ಮರಳಿನದು ಹಾಗಲ್ಲ. ಅದು ಸಾಗುವ ಪ್ರಮಾಣ ಸುಮಾರಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ, ಅಷ್ಟೇ ಹೊತ್ತಿನಲ್ಲಿ ಸಾಗುವ ಮರಳು ಎಂಟು ಪಟ್ಟು. ಅಂದರೆ ಮುಂದಕ್ಕೆ 4 ಪಾಲು, ಹಿಂದಕ್ಕೆ 1 ಪಾಲು ಮಾತ್ರ! ಶಾಂತ ಕಡಲು ದಡ ಕಟ್ಟುವುದಕ್ಕೆ ಇದೊಂದು ಮುಖ್ಯ ಕಾರಣ.

ತೀರಾ ಸಣ್ಣ ಕಣದ ಮರಳು ಈ ಲೆಕ್ಕವನ್ನೂ ತಲೆಕೆಳಗು ಮಾಡಬಲ್ಲದು. ಅಲೆ ದಡದತ್ತ ನುಗ್ಗುವ ಹೊಡೆತಕ್ಕೆ ಮೇಲೆದ್ದ ಕಣ ಕೆಳಗೆ ಕೂರುವ ಮೊದಲೇ ನೀರು ತಿರುಗಿದರೆ, ಅದು ಕಡಲಿನ ಕಡೆಗೇ ಹೋಗುತ್ತದೆ. ಹಾಗಾಗಿ ಮರಳಿನ ಸಾಗಾಟವನ್ನು ಅಂದಾಜಿಸುವ ಒಳ್ಳೆಯ ಗಣಿತ ಮಾದರಿಗಳು ಕಣದ ಗಾತ್ರವನ್ನೂ ಈ ತಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಮಳೆಗಾಲದ ದೊಡ್ಡ ಅಲೆಗಳಲ್ಲಿ ತಳದಲ್ಲಿ ನೀರು ಕಡಲಿನತ್ತ ಹಿಂದಕ್ಕೆ ಎಳೆಯುವ ಸೆಳೆತವೂ ಸೇರಿ ದಡ ಸವೆಯುತ್ತದೆ.

ನಮ್ಮ ಕರಾವಳಿಯಲ್ಲಿ ಹೀಗೆ ಹೋದ ಮರಳು ಬಹಳಷ್ಟು ಕಡೆ ಮಳೆಗಾಲ ಮುಗಿದ ಮೇಲೆ ಮರಳುತ್ತದೆ. ಫಾರ್ವರ್ಡ್‌ನ ನಿಜವಾದ ಅರ್ಧ ಇದು. ಆದರೆ ಓರೆಯಾಗಿ ಬೀಳುವ ಅಲೆಗಳು ಮರಳನ್ನು ದಡದುದ್ದಕ್ಕೂ ಸಾಗಿಸುತ್ತವೆ. ಆ ದಾರಿಗೆ ಕಲ್ಲಿನ ತಡೆಗೋಡೆ ಅಡ್ಡ ಬಂದರೆ ಒಂದು ಕಡೆ ಮರಳು ಸೇರುತ್ತದೆ, ಇನ್ನೊಂದು ಕಡೆ ಕೊರೆತ ಹೆಚ್ಚುತ್ತದೆ. ಅಲ್ಲಿನ ಮನೆಯವರಿಗೆ "ಸುಮ್ನೆ ಕಾಯಿರಿ" ಎನ್ನುವುದು ಅಪಾಯದ ಸಲಹೆ.